ಏರಿಯ ಕೆಳಗೆ ಯಾರಿದ್ದಾರೆ?

1977ರ ನವೆಂಬರ್ 6, ಭಾನುವಾರ. ಅಮೆರಿಕದ ಜಾರ್ಜಿಯಾ ರಾಜ್ಯದ ಈಶಾನ್ಯ ಭಾಗದಲ್ಲಿರುವ ಟೊಕೋವಾ ಎಂಬ ಪುಟ್ಟ ಊರಿನ ಬಳಿ ನಾಲ್ಕು ದಿನಗಳಿಂದ ಮಳೆ ಹಿಡಿದಿತ್ತು. ನಡುರಾತ್ರಿ ಕಳೆದು ಒಂದೂವರೆ ಗಂಟೆಯ ಹೊತ್ತಿಗೆ, ಊರಿನ ಮೇಲ್ಭಾಗದ ಕಣಿವೆಯಲ್ಲಿದ್ದ ಕೆಲ್ಲಿ ಬಾರ್ನ್ಸ್ ಎಂಬ ಮಣ್ಣಿನ ಅಣೆಕಟ್ಟು ಒಡೆಯಿತು. ಕೆರೆಯ ನೀರೆಲ್ಲ ಟೊಕೋವಾ ಜಲಪಾತದಿಂದ 186 ಅಡಿ ಕೆಳಕ್ಕೆ ಧುಮುಕಿ, ಅದರ ಬುಡದಲ್ಲಿದ್ದ ಒಂದು ಖಾಸಗಿ ಕಾಲೇಜಿನ ಆವರಣಕ್ಕೆ ನುಗ್ಗಿತು. ಮನೆಗಳಲ್ಲಿ, ಗಾಲಿಮನೆಗಳಲ್ಲಿ, ವಿದ್ಯಾರ್ಥಿನಿಲಯದಲ್ಲಿ ಜನ ಗಾಢ ನಿದ್ದೆಯಲ್ಲಿದ್ದರು. 39 ಮಂದಿ ಸತ್ತರು. ಅವರಲ್ಲಿ ಅನೇಕರು ಮಕ್ಕಳು. 9 ಮನೆಗಳು, 18 ಗಾಲಿಮನೆಗಳು ಮತ್ತು ಕಾಲೇಜಿನ ಎರಡು ಕಟ್ಟಡಗಳು ನಾಶವಾದವು.

ಅಣೆಕಟ್ಟು ಎಂದ ಕೂಡಲೇ ಕನ್ನಂಬಾಡಿ, ತುಂಗಭದ್ರಾ, ಲಿಂಗನಮಕ್ಕಿಗಳಂಥ ಬೃಹತ್ ರಚನೆಗಳು ಕಣ್ಣಮುಂದೆ ಬರುತ್ತವೆ. ಕೆಲ್ಲಿ ಬಾರ್ನ್ಸ್ ಅಂಥದ್ದಲ್ಲ. ಅದರ ಎತ್ತರ ಸುಮಾರು 40 ಅಡಿ, ಉದ್ದ ಸುಮಾರು 400 ಅಡಿ. ಹಿಂದಿದ್ದ ಕೆರೆಯ ವಿಸ್ತಾರ ಸುಮಾರು 40 ಎಕರೆ. ನಮ್ಮಲ್ಲಾದರೆ ಜನ ಅದನ್ನು ಅಣೆಕಟ್ಟು ಎನ್ನದೆ ಕೆರೆ ಏರಿ ಎಂದೇ ಕರೆಯುತ್ತಿದ್ದರು. ಅದರ ಒಡೆತನವೂ ಸರ್ಕಾರದ್ದಲ್ಲ, ಕೆಳಗಿದ್ದ ಕಾಲೇಜಿನದೇ. ಇಷ್ಟು ಚಿಕ್ಕ ಖಾಸಗಿ ಒಡ್ಡೊಂದು ಇಷ್ಟೊಂದು ಜೀವಗಳನ್ನು ಬಲಿ ತೆಗೆದುಕೊಂಡದ್ದು ಹೇಗೆ? ಅದು ಅಪಾಯಕಾರಿ ಎಂದು ಮೊದಲೇ ಹೇಳುವವರು ಯಾರೂ ಇರಲಿಲ್ಲವೇ? ಅಣೆಕಟ್ಟುಗಳ ಅಪಾಯವನ್ನು ದರ್ಜೆಗಳಾಗಿ ವಿಂಗಡಿಸುವ ಪದ್ಧತಿಯ ಮಹತ್ವ ತಿಳಿಯುವುದು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದಾಗ.

ಕಂತು ಕಂತಾಗಿ ಬೆಳೆದ ಏರಿ

ಆ ಜಾಗದಲ್ಲಿ ಮೊದಲ ಒಡ್ಡು ಎದ್ದದ್ದು 1899ರಲ್ಲಿ. ಮರದ ದಿಮ್ಮಿಗಳ ಚೌಕಟ್ಟಿನೊಳಗೆ ಕಲ್ಲು ತುಂಬಿ ಕಟ್ಟಿದ ಆ ತಡೆಯ ನೀರಿನಿಂದ ಒಂದು ಸಣ್ಣ ವಿದ್ಯುದಾಗಾರ ನಡೆಯುತ್ತಿತ್ತು. 1937ರ ಸುಮಾರಿಗೆ ಶಿಕ್ಷಣ ಸಂಸ್ಥೆಯು ತನ್ನ ವಿದ್ಯುತ್ತಿನ ಅಗತ್ಯಕ್ಕಾಗಿ ಅದರ ಮೇಲೆಯೇ ಮಣ್ಣು ಸುರಿದು ಏರಿಯನ್ನು ಎತ್ತರಿಸಿತು. ಎರಡನೆಯ ಮಹಾಯುದ್ಧದ ನಂತರ ಅದು ಇನ್ನಷ್ಟು ಎತ್ತರವಾಯಿತು. 1957ರಲ್ಲಿ ವಿದ್ಯುತ್ ಉತ್ಪಾದನೆ ನಿಂತಿತು. ಅಲ್ಲಿಂದಾಚೆಗೆ ಕೆರೆ ಉಳಿದದ್ದು ವಿಹಾರಕ್ಕೆ, ಮೀನು ಹಿಡಿಯುವುದಕ್ಕೆ.

ಉಪಯೋಗ ನಿಂತರೂ ನೀರಿನ ಒತ್ತಡ ನಿಲ್ಲುವುದಿಲ್ಲ. ನೀರು ಒಡ್ಡಿನ ಮೇಲೆ ಹಾಕುವ ಒತ್ತಡ ಅವಲಂಬಿಸಿರುವುದು ಕೆರೆಯ ವಿಸ್ತಾರವನ್ನಲ್ಲ, ನೀರಿನ ಆಳವನ್ನು. ಇದು ಪ್ರೌಢಶಾಲೆಯ ಭೌತವಿಜ್ಞಾನದ ಪಾಠ. ಪ್ರತಿ ಮೀಟರ್ ಆಳಕ್ಕೆ ಚದರ ಮೀಟರಿಗೆ ಒಂದು ಟನ್ನಿನಂತೆ ಒತ್ತಡ ಏರುತ್ತದೆ. 40 ಅಡಿ, ಅಂದರೆ ಸುಮಾರು 12 ಮೀಟರ್ ನೀರು ನಿಂತರೆ ಬುಡದಲ್ಲಿ ಪ್ರತಿ ಚದರ ಮೀಟರಿನ ಮೇಲೆ 12 ಟನ್ ಭಾರ. ಹಿಂದೆ 40 ಎಕರೆ ನೀರಿರಲಿ, 4,000 ಎಕರೆ ಇರಲಿ, ಈ ಲೆಕ್ಕ ಬದಲಾಗದು.

ಒಡೆದ ರಾತ್ರಿ ಕೆರೆಯಲ್ಲಿದ್ದ ನೀರು ಸುಮಾರು 630 ಎಕರೆ-ಅಡಿ ಎಂದು ಅಂದಾಜು. ಇದು ಸುಮಾರು 7 ಲಕ್ಷ 77 ಸಾವಿರ ಘನ ಮೀಟರ್. ತೂಕದಲ್ಲಿ ಅಷ್ಟೇ ಟನ್. ಪ್ರವಾಹದ ಗರಿಷ್ಠ ಪ್ರಮಾಣ ಸುಮಾರು 24,000 ಕ್ಯುಸೆಕ್ ಮುಟ್ಟಿತ್ತೆಂದು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ತಜ್ಞರು ಲೆಕ್ಕ ಹಾಕಿದರು. ಅದೇ ವೇಗದಲ್ಲಿ ಹರಿಯುತ್ತಿದ್ದರೆ ಇಡೀ ಕೆರೆ ಬರಿದಾಗಲು 20 ನಿಮಿಷ ಸಾಕು. ಜೊತೆಗೆ ಅಷ್ಟೂ ನೀರು ಜಲಪಾತದ ಎತ್ತರದಿಂದ ಬಿತ್ತು. ದ್ರವ್ಯರಾಶಿ, ಗುರುತ್ವ ಮತ್ತು ಎತ್ತರಗಳನ್ನು ಗುಣಿಸಿದರೆ ಬರುವ ಶಕ್ತಿ ಸುಮಾರು 1 ಲಕ್ಷ 20 ಸಾವಿರ ಯೂನಿಟ್ ವಿದ್ಯುತ್ತಿಗೆ ಸಮ! ಅದು ಕೆಲವೇ ನಿಮಿಷಗಳಲ್ಲಿ ಒಂದೇ ಕಣಿವೆಯಲ್ಲಿ ಬಿಡುಗಡೆಯಾಯಿತು.

ಮಣ್ಣು ಸೋಲುವ ಬಗೆ

ಮಣ್ಣಿನ ಏರಿ ದುರ್ಬಲ ಎಂದು ಭಾವಿಸಬೇಕಾಗಿಲ್ಲ. ಸರಿಯಾಗಿ ಕಟ್ಟಿ, ಕಾಲಕಾಲಕ್ಕೆ ನೋಡಿಕೊಂಡರೆ ಅದು ಶತಮಾನಗಳ ಕಾಲ ನಿಲ್ಲುತ್ತದೆ ಎಂಬುದಕ್ಕೆ ನಮ್ಮ ಹಳೆಯ ಕೆರೆಗಳೇ ಸಾಕ್ಷಿ. ಆದರೆ ಅದು ಸೋಲುವ ಬಗೆಗಳು ಮುಖ್ಯವಾಗಿ ಮೂರು.

ಮೊದಲನೆಯದು, ನೀರು ಏರಿಯ ನೆತ್ತಿಯ ಮೇಲೆ ಹರಿಯುವುದು. ಕೋಡಿ ಚಿಕ್ಕದಾಗಿದ್ದರೆ ಅಥವಾ ಕಟ್ಟಿಕೊಂಡಿದ್ದರೆ ತುಂಬಿದ ನೀರು ಏರಿಯನ್ನೇ ಕೋಡಿ ಮಾಡಿಕೊಳ್ಳುತ್ತದೆ. ಹರಿಯುವ ನೀರು ಹಿಂಬದಿಯ ಮಣ್ಣನ್ನು ಕೊರೆಯುತ್ತದೆ. ಕೊರಕಲು ಆಳವಾದಷ್ಟೂ ನೀರು ಹೆಚ್ಚುತ್ತದೆ, ನೀರು ಹೆಚ್ಚಿದಷ್ಟೂ ಕೊರಕಲು ಆಳವಾಗುತ್ತದೆ. ಕಾಂಕ್ರೀಟ್ ಗೋಡೆ ಇದನ್ನು ಸ್ವಲ್ಪ ಹೊತ್ತು ತಡೆದೀತು, ಮಣ್ಣು ತಡೆಯದು.

ಎರಡನೆಯದು, ಒಳಗಿನ ಕೊರೆತ. ಮಣ್ಣಿನ ಏರಿಯಲ್ಲಿ ಸ್ವಲ್ಪ ನೀರು ಸದಾ ಜಿನುಗುತ್ತಲೇ ಇರುತ್ತದೆ. ಜಿನುಗುವ ನೀರು ತಿಳಿಯಾಗಿರುವ ತನಕ ಚಿಂತೆ ಕಡಿಮೆ. ಅದು ಕದಡಿ ಬರತೊಡಗಿದರೆ ಒಳಗಿನ ಮಣ್ಣಿನ ಕಣಗಳು ಕೊಚ್ಚಿಬರುತ್ತಿವೆ ಎಂದರ್ಥ. ಆಗ ಏರಿಯೊಳಗೆ ಹಿಂದಿನಿಂದ ಮುಂದಕ್ಕೆ ಒಂದು ಸುರಂಗವೇ ಬೆಳೆಯುತ್ತದೆ. ಎಂಜಿನಿಯರುಗಳು ಇದನ್ನು ‘ಪೈಪಿಂಗ್’ ಎನ್ನುತ್ತಾರೆ. ಒಣಗಿದ ಮರದ ಬೇರು, ಹೆಗ್ಗಣದ ಬಿಲ, ಹಳೆಯ ಕೊಳವೆಯ ಸುತ್ತಲಿನ ಸಂದು ಇಂಥ ಸುರಂಗಕ್ಕೆ ಸಿದ್ಧ ದಾರಿಗಳು.

ಮೂರನೆಯದು, ಇಳಿಜಾರಿನ ಕುಸಿತ. ನೆಂದ ಮಣ್ಣಿಗೆ ಬಲ ಕಡಿಮೆ. ಅದಕ್ಕೇ ಏರಿಯ ಇಳಿಜಾರನ್ನು ಸಾಮಾನ್ಯವಾಗಿ ಒಂದಡಿ ಎತ್ತರಕ್ಕೆ ಎರಡು ಅಥವಾ ಹೆಚ್ಚು ಅಡಿ ಅಗಲದಂತೆ ನಿಧಾನವಾಗಿ ಇಳಿಸುತ್ತಾರೆ.

ಕೆಲ್ಲಿ ಬಾರ್ನ್ಸ್ ಏರಿಯ ಹಿಂಬದಿ ಹೆಚ್ಚುಕಡಿಮೆ ಒಂದಕ್ಕೆ ಒಂದರಂತೆ ಕಡಿದಾಗಿತ್ತು. ಅದರ ಮೇಲೆ ಮರಗಳು ಬೆಳೆದಿದ್ದವು. 1973ರಲ್ಲಿ ತೆಗೆದ ಒಂದು ಛಾಯಾಚಿತ್ರದಲ್ಲಿ ಹಿಂಬದಿಯ ಮಣ್ಣು ಸುಮಾರು 12 ಅಡಿ ಎತ್ತರ, 30 ಅಡಿ ಅಗಲಕ್ಕೆ ಜಾರಿದ್ದು ಕಾಣುತ್ತದೆ. ದುರಂತದ ನಂತರ ತನಿಖೆ ನಡೆಸಿದ ಕೇಂದ್ರ ಸರ್ಕಾರದ ಮಂಡಳಿಯು ಯಾವುದೇ ಒಂದು ಕಾರಣವನ್ನು ಖಚಿತವಾಗಿ ಬೆಟ್ಟು ಮಾಡಲಿಲ್ಲ. ಕಡಿದಾದ ಹಿಂಬದಿ ಜಾರಿ, ಒಳಕೊರೆತವೂ ಸೇರಿ, ಏರಿಯ ನೆತ್ತಿ ಮುರಿದಿರುವ ಸಂಭವ ಹೆಚ್ಚು ಎಂದು ಹೇಳಿತು. ಆ ರಾತ್ರಿ ಸಂಜೆ ಆರರಿಂದ ಹನ್ನೆರಡರ ನಡುವೆ ಸುಮಾರು ಮೂರೂವರೆ ಅಂಗುಲ ಮಳೆ ಸುರಿದಿತ್ತು. ಮಳೆ ಕೊನೆಯ ಕಾರಣವಷ್ಟೇ. ಏರಿ ನಾಲ್ಕು ವರ್ಷ ಮೊದಲೇ ತನ್ನ ಸ್ಥಿತಿಯನ್ನು ತೋರಿಸಿಕೊಟ್ಟಿತ್ತು. ಅದನ್ನು ನೋಡಿ ಅರ್ಥೈಸಬೇಕಾದ ಹೊಣೆ ಕಾನೂನಿನ ಪ್ರಕಾರ ಯಾರ ಮೇಲೂ ಇರಲಿಲ್ಲ. ಆಗ ಜಾರ್ಜಿಯಾದಲ್ಲಿ ಅಣೆಕಟ್ಟು ಸುರಕ್ಷತೆಯ ಕಾಯಿದೆಯೇ ಇರಲಿಲ್ಲ.

ಇದು ಅಂಕಪಟ್ಟಿಯಲ್ಲ

ಅಮೆರಿಕದ ಸಂಸತ್ತು 1972ರಲ್ಲಿಯೇ ಅಣೆಕಟ್ಟುಗಳ ಪರಿಶೀಲನೆಗೆ ಕಾಯಿದೆ ಮಾಡಿತ್ತು. ಆದರೆ ಹಣ ಸಾಲದೆ ಕೆಲಸವು ಪಟ್ಟಿ ತಯಾರಿಸುವುದಕ್ಕೆ ಸೀಮಿತವಾಗಿತ್ತು. ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಜಾರ್ಜಿಯಾದವರೇ. ಟೊಕೋವಾ ದುರಂತದ ನಂತರ, ಒಡೆದರೆ ಜನರ ಜೀವಕ್ಕೆ ಕುತ್ತಾಗುವ, ಕೇಂದ್ರ ಸರ್ಕಾರಕ್ಕೆ ಸೇರದ ಅಣೆಕಟ್ಟುಗಳನ್ನು ಪರಿಶೀಲಿಸುವಂತೆ ಅವರು ಸೇನೆಯ ಎಂಜಿನಿಯರುಗಳ ದಳಕ್ಕೆ ಆದೇಶಿಸಿದರು. 1978ರಿಂದ 1981ರವರೆಗೆ 8,818 ಅಣೆಕಟ್ಟುಗಳ ಪರಿಶೀಲನೆ ನಡೆಯಿತು. ಅವುಗಳಲ್ಲಿ 2,925, ಅಂದರೆ ಮೂರರಲ್ಲಿ ಒಂದು, ಅಸುರಕ್ಷಿತ ಎಂದು ತಿಳಿದುಬಂತು. ಜಾರ್ಜಿಯಾ ರಾಜ್ಯವೂ 1978ರಲ್ಲಿ ತನ್ನದೇ ಕಾಯಿದೆಯನ್ನು ಜಾರಿಗೆ ತಂದಿತು.

ಸಾವಿರಾರು ಒಡ್ಡುಗಳಲ್ಲಿ ಯಾವುದನ್ನು ಮೊದಲು ನೋಡಬೇಕು? ಇದಕ್ಕೆಂದೇ ದರ್ಜೆಗಳ ವಿಂಗಡಣೆ. ಅಮೆರಿಕದ ಕೇಂದ್ರ ಮಾರ್ಗಸೂಚಿಯಲ್ಲಿ ಮೂರು ದರ್ಜೆಗಳಿವೆ. ಅಣೆಕಟ್ಟು ಒಡೆದರೆ ಒಬ್ಬರದಾದರೂ ಜೀವ ಹೋಗುವ ಸಂಭವವಿದ್ದರೆ ಅದು ‘ಹೆಚ್ಚಿನ ಅಪಾಯ’ದ ದರ್ಜೆ. ಜೀವಹಾನಿಯ ಸಂಭವವಿಲ್ಲ, ಆದರೆ ರಸ್ತೆ, ಕುಡಿಯುವ ನೀರು, ವಿದ್ಯುತ್ತು, ಆಸ್ತಿ ಅಥವಾ ಪರಿಸರಕ್ಕೆ ಗಣನೀಯ ನಷ್ಟವಾದೀತು ಎಂದಿದ್ದರೆ ‘ಗಮನಾರ್ಹ ಅಪಾಯ’. ನಷ್ಟವೆಲ್ಲ ಬಹುಮಟ್ಟಿಗೆ ಮಾಲೀಕನ ಹೊಲದಲ್ಲೇ ಮುಗಿದುಹೋಗುವಂತಿದ್ದರೆ ‘ಕಡಿಮೆ ಅಪಾಯ’.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಮೂರು ದರ್ಜೆಗಳಲ್ಲಿ ಯಾವುದೂ ಅಣೆಕಟ್ಟು ಗಟ್ಟಿಯಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂಬುದನ್ನು ಹೇಳುವುದಿಲ್ಲ. ಶಾಲೆಯ ದರ್ಜೆಗಳಿಗೆ ಒಗ್ಗಿಕೊಂಡವರಿಗೆ ಇದು ವಿಚಿತ್ರವೆನಿಸಬಹುದು. ‘ಹೆಚ್ಚಿನ ಅಪಾಯ’ದ ದರ್ಜೆ ಪಡೆದ ಒಡ್ಡು ಬಹಳ ಸುಭದ್ರವಾಗಿರಬಹುದು, ‘ಕಡಿಮೆ ಅಪಾಯ’ದ್ದು ನಾಳೆಯೇ ಕುಸಿಯುವ ಸ್ಥಿತಿಯಲ್ಲಿರಬಹುದು. ದರ್ಜೆ ಉತ್ತರಿಸುವುದು ಒಂದೇ ಪ್ರಶ್ನೆಗೆ: ಒಡೆದರೆ ಕೆಳಗೆ ಏನಾಗುತ್ತದೆ? ಏರಿಯ ಆರೋಗ್ಯ ಬೇರೆಯೇ ಪ್ರಶ್ನೆ. ಅದಕ್ಕೆ ‘ತೃಪ್ತಿಕರ’, ‘ಸಾಧಾರಣ’, ‘ಕಳಪೆ’, ‘ಅತೃಪ್ತಿಕರ’ ಎಂಬ ಬೇರೆ ಮೌಲ್ಯಮಾಪನವಿದೆ. ಎರಡನ್ನೂ ಒಟ್ಟಿಗೆ ಓದಿದಾಗಲೇ ಚಿತ್ರ ಪೂರ್ಣ. ಕೆಳಗೆ ಜನವಸತಿಯೂ ಇದ್ದು ಏರಿಯ ಸ್ಥಿತಿಯೂ ಕಳಪೆಯಾಗಿದ್ದರೆ, ಅದೇ ಮೊದಲು ದುರಸ್ತಿಯಾಗಬೇಕಾದದ್ದು.

ದರ್ಜೆಯನ್ನು ನಿರ್ಧರಿಸುವಾಗ ಎಂಜಿನಿಯರುಗಳು ಏರಿಗಿಂತ ಹೆಚ್ಚಾಗಿ ಕೆಳಗಿನ ಕಣಿವೆಯ ನಕ್ಷೆಯನ್ನು ನೋಡುತ್ತಾರೆ. ತುಂಬಿದ ಕೆರೆ ಒಡೆದರೆ ಎಷ್ಟು ನೀರು ಎಷ್ಟು ವೇಗವಾಗಿ ಹೊರಬೀಳುತ್ತದೆ, ಕಣಿವೆಯ ಯಾವ ತಿರುವಿನಲ್ಲಿ ಎಷ್ಟಡಿ ಏರುತ್ತದೆ, ಯಾವ ಮನೆಯನ್ನು ಎಷ್ಟು ನಿಮಿಷದಲ್ಲಿ ಮುಟ್ಟುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಎರಡು ಸನ್ನಿವೇಶಗಳನ್ನು ಪರಿಶೀಲಿಸುವುದುಂಟು: ಒಂದು, ಮಹಾಮಳೆಯ ನಡುವೆ ಒಡೆಯುವುದು, ಇನ್ನೊಂದು, ಬಿಸಿಲಿನ ದಿನ ಸೂಚನೆಯಿಲ್ಲದೆ ಒಡೆಯುವುದು. ಎರಡನೆಯದರಲ್ಲಿ ನೀರು ಕಡಿಮೆಯಾದರೂ ಜನ ಎಚ್ಚರವಾಗಿರುವುದಿಲ್ಲ.

ದರ್ಜೆಯಿಂದ ಆಗುವ ಪ್ರಯೋಜನ ಬಹಳ. ದರ್ಜೆ ಏರಿದಂತೆ ಕೋಡಿ ಹೆಚ್ಚು ದೊಡ್ಡ ಪ್ರವಾಹವನ್ನು ಸಾಗಿಸುವಂತಿರಬೇಕು, ತಪಾಸಣೆ ಹೆಚ್ಚು ಸಲ ನಡೆಯಬೇಕು, ಅಪಾಯ ಬಂದಾಗ ಯಾರು ಯಾರಿಗೆ ತಿಳಿಸಬೇಕು, ಯಾವ ದಾರಿಯಲ್ಲಿ ಜನರನ್ನು ಸಾಗಿಸಬೇಕು ಎಂಬ ಲಿಖಿತ ಯೋಜನೆ ಸಿದ್ಧವಾಗಿರಬೇಕು.

ಏರಿ ಬದಲಾಗದಿದ್ದರೂ ಅಪಾಯ ಬೆಳೆಯುತ್ತದೆ

ಒಂದು ಒಡ್ಡನ್ನು ಕಾಡಿನ ನಡುವೆ ಕಟ್ಟಿದಾಗ ಕೆಳಗೆ ಹುಲ್ಲುಗಾವಲು ಬಿಟ್ಟರೆ ಏನೂ ಇರಲಿಲ್ಲ ಎನ್ನೋಣ. ದರ್ಜೆ: ಕಡಿಮೆ ಅಪಾಯ. ಇಪ್ಪತ್ತು ವರ್ಷಗಳ ನಂತರ ಹುಲ್ಲುಗಾವಲು ನಿವೇಶನಗಳಾಗಿ ಮಾರಾಟವಾಗುತ್ತದೆ, ಮನೆಗಳು ಏಳುತ್ತವೆ. ಏರಿಯ ಒಂದು ಬುಟ್ಟಿ ಮಣ್ಣೂ ಕದಲಿಲ್ಲ, ಆದರೂ ಅದೀಗ ಹೆಚ್ಚಿನ ಅಪಾಯದ ಒಡ್ಡು. ಮನೆ ಕಟ್ಟಲು ಪರವಾನಗಿ ಕೊಡುವ ಕಚೇರಿ ಒಂದು, ಒಡ್ಡಿನ ದರ್ಜೆ ನೋಡುವ ಕಚೇರಿ ಇನ್ನೊಂದು. ಎರಡರ ನಡುವೆ ಮಾತುಕತೆಯಿಲ್ಲದಿದ್ದರೆ ಕಡತದಲ್ಲಿ ಹಳೆಯ ದರ್ಜೆಯೇ ಉಳಿದುಬಿಡುತ್ತದೆ.

ಹವಾಯಿ ದ್ವೀಪಸ್ತೋಮದ ಕವಾಯಿ ದ್ವೀಪದಲ್ಲಿ ಆದದ್ದನ್ನು ನೋಡಿ. ಅಲ್ಲಿನ ಕಾ ಲೋಕೋ ಎಂಬ ಮಣ್ಣಿನ ಒಡ್ಡನ್ನು 1890ರಲ್ಲಿ ಕಬ್ಬಿನ ತೋಟಗಳಿಗೆ ನೀರುಣಿಸಲು ಕಟ್ಟಿದ್ದರು. ಮುಂದೆ ಕಬ್ಬಿನ ಕಂಪನಿ ಮುಚ್ಚಿತು, ಜಮೀನು ಖಾಸಗಿಯವರ ಕೈಸೇರಿತು, ಕೆಳಗಿನ ಹಳ್ಳದ ಪಕ್ಕದಲ್ಲಿ ಮನೆಗಳಾದವು. ಸರ್ಕಾರದ ದಾಖಲೆಯಲ್ಲಿ ಮಾತ್ರ ಅದು ‘ಕಡಿಮೆ ಅಪಾಯ’ದ ಒಡ್ಡಾಗಿಯೇ ಇತ್ತು. 2006ರ ಮಾರ್ಚ್ 14ರಂದು, ವಾರಗಟ್ಟಲೆ ಸುರಿದ ಮಳೆಯ ಕೊನೆಗೆ, ಬೆಳಕು ಹರಿಯುವ ಮುನ್ನ ಏರಿ ಒಡೆಯಿತು. ಸುಮಾರು 40 ಕೋಟಿ ಗ್ಯಾಲನ್ ನೀರು ಕೆಳಕ್ಕೆ ನುಗ್ಗಿ 7 ಮಂದಿಯನ್ನು ಕೊಂದಿತು. ಒಡ್ಡಿಗೆ ಕೆಲಸ ಮಾಡುವ ಕೋಡಿಯೇ ಇರಲಿಲ್ಲ, ಅದು ಮುಚ್ಚಿಹೋಗಿತ್ತು. ಹೀಗಾಗಿ ನೀರು ನೆತ್ತಿಯ ಮೇಲೆ ಹರಿದಿರುವ ಸಂಭವವೇ ಹೆಚ್ಚು ಎಂದು ರಾಜ್ಯವು ನೇಮಿಸಿದ ತನಿಖೆ 2007ರಲ್ಲಿ ವರದಿ ಮಾಡಿತು. ಮಾಲೀಕನಿಗೆ 2014ರಲ್ಲಿ ಜೈಲು ಶಿಕ್ಷೆಯಾಯಿತು. ‘ಕಡಿಮೆ’ ಎಂಬ ಒಂದು ಪದ ಎಲ್ಲರ ಗಮನವನ್ನೂ ಆ ಒಡ್ಡಿನಿಂದ ದೂರವಿಟ್ಟಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆ ಮಿಷಿಗನ್ ರಾಜ್ಯದ ಈಡನ್‌ವಿಲ್. ಖಾಸಗಿ ಒಡೆತನದ ಈ ಅಣೆಕಟ್ಟು ‘ಹೆಚ್ಚಿನ ಅಪಾಯ’ದ ಪಟ್ಟಿಯಲ್ಲಿತ್ತು. ಅದರ ಕೋಡಿ ಸಾಲದು ಎಂಬ ತಕರಾರು ವರ್ಷಗಟ್ಟಲೆ ನಡೆದು, 2018ರಲ್ಲಿ ವಿದ್ಯುತ್ ಉತ್ಪಾದನೆಯ ಪರವಾನಗಿ ರದ್ದಾಗಿತ್ತು. 2020ರ ಮೇ 19ರಂದು ಅದರ ಮಣ್ಣಿನ ಭಾಗ ಕುಸಿಯಿತು, ಅದರ ನೀರಿನ ಹೊಡೆತಕ್ಕೆ ಕೆಳಗಿನ ಸ್ಯಾನ್‌ಫರ್ಡ್ ಅಣೆಕಟ್ಟೂ ಒಡೆಯಿತು. ನಷ್ಟ ಅಪಾರ. ಆದರೆ ಸುಮಾರು 10,000 ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು; ಒಬ್ಬರೂ ಸಾಯಲಿಲ್ಲ. ಕಾಗದದ ಮೇಲಿನ ದರ್ಜೆ ಅಣೆಕಟ್ಟನ್ನು ಉಳಿಸಲಾರದು; ಜನರನ್ನು ಉಳಿಸುವ ಸಿದ್ಧತೆಗೆ ದಾರಿ ಮಾಡಿಕೊಡಬಲ್ಲದು.

ಮಾಲೀಕನ ಹೊಣೆ

ಅಮೆರಿಕದ ರಾಷ್ಟ್ರೀಯ ಪಟ್ಟಿಯಲ್ಲಿ ಇಂದು 90,000ಕ್ಕೂ ಹೆಚ್ಚು ಅಣೆಕಟ್ಟುಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿಯವರವು. ರೈತರು, ಬಡಾವಣೆಯ ಸಂಘಗಳು, ಶಿಬಿರಗಳು, ಕ್ಲಬ್ಬುಗಳು ಇವುಗಳ ಒಡೆಯರು. ಅಜ್ಜ ಕಟ್ಟಿಸಿದ ಕೆರೆ ಮೊಮ್ಮಗನಿಗೆ ಬಂದಿರುತ್ತದೆ. ಕೋಡಿಯನ್ನು ಅಗಲ ಮಾಡಿಸುವ ಖರ್ಚು ಕೆರೆಯಿಂದ ಬರುವ ಆದಾಯಕ್ಕಿಂತ ಎಷ್ಟೋ ಪಾಲು ಹೆಚ್ಚು. ‘ಇಷ್ಟು ವರ್ಷ ನಿಂತಿದೆಯಲ್ಲ’ ಎಂಬ ಮಾತು ಆಗ ಬಾಯಿಗೆ ಬರುತ್ತದೆ.

ಈ ಮಾತಿಗೆ ಇತಿಹಾಸ ಕೊಟ್ಟ ಅತಿ ಕಠಿಣ ಉತ್ತರ 1889ರ ಜಾನ್ಸ್‌ಟೌನ್ ದುರಂತ. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟು ಶ್ರೀಮಂತರ ಕ್ಲಬ್ಬೊಂದಕ್ಕೆ ಸೇರಿತ್ತು. ನೀರನ್ನು ತಗ್ಗಿಸುವ ಕೊಳವೆಗಳನ್ನು ಹಿಂದಿನ ಒಡೆಯ ಕಿತ್ತು ಮಾರಿದ್ದ. ಕ್ಲಬ್ಬಿನವರು ಅವನ್ನು ಮತ್ತೆ ಹಾಕಿಸಲಿಲ್ಲ. ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಜಾಲರಿ ಹಾಕಿಸಿದರು. ಮೇ 31ರ ಮಹಾಮಳೆಯಲ್ಲಿ ಜಾಲರಿಗೆ ಕಸಕಡ್ಡಿ ಸಿಕ್ಕಿಕೊಂಡಿತು, ನೀರು ಏರಿಯ ಮೇಲೆ ಹರಿಯಿತು. ಕೆಳಗಿನ ಊರುಗಳಲ್ಲಿ 2,209 ಜನ ಸತ್ತರು. ಆಗ ಅಣೆಕಟ್ಟುಗಳಿಗೆ ದರ್ಜೆಯೂ ಇರಲಿಲ್ಲ, ತಪಾಸಣೆಯ ನಿಯಮವೂ ಇರಲಿಲ್ಲ.

ನಮ್ಮಲ್ಲಿ

ಭಾರತದಲ್ಲಿ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಜಾರಿಯಲ್ಲಿದೆ. ಅದು ಮುಖ್ಯವಾಗಿ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಎತ್ತರದವು ಉದ್ದ, ಸಂಗ್ರಹ ಮುಂತಾದ ಕೆಲವು ಷರತ್ತುಗಳನ್ನು ಪೂರೈಸಿದರೆ ಮಾತ್ರ ಅದರ ವ್ಯಾಪ್ತಿಗೆ ಬರುತ್ತವೆ. ಕರ್ನಾಟಕದ ಸಾವಿರಾರು ಊರ ಕೆರೆಗಳ ಏರಿಗಳು ಈ ಅಳತೆಯ ಕೆಳಗೇ ಉಳಿಯುತ್ತವೆ. ಮಲೆನಾಡಿನ ಕಾಫಿ ತೋಟಗಳಲ್ಲಿ ಹೂಮಳೆ ತಪ್ಪಿದಾಗ ತುಂತುರು ನೀರಾವರಿಗೆಂದು ಬೆಳೆಗಾರರು ಕಟ್ಟಿಸಿಕೊಂಡ ಕೆರೆಗಳೂ ಹಾಗೆಯೇ. ಎತ್ತರ ಕಡಿಮೆ ಎಂದ ಮಾತ್ರಕ್ಕೆ ಅಪಾಯ ಕಡಿಮೆ ಎಂದಲ್ಲ ಎಂಬುದು ಟೊಕೋವಾದ ಪಾಠ. ಏರಿಯ ಕೆಳಗೆ ಗದ್ದೆ ಮಾತ್ರ ಇದ್ದ ಕಾಲದಲ್ಲಿ ಕಟ್ಟಿದ ಕೆರೆಗಳ ಕೆಳಗೆ ಇಂದು ಬಡಾವಣೆಗಳು ಬಂದಿರುವ ಊರುಗಳು ನಮ್ಮಲ್ಲಿಯೂ ಇವೆ.

ಹಿಂದಿನವರು ಕೋಡಿ ಬಿದ್ದ ದಿನ ಕೆರೆಗೆ ಬಾಗಿನ ಕೊಡುವುದರ ಜೊತೆಗೆ ಏರಿಯನ್ನೂ ನಡೆದು ನೋಡುತ್ತಿದ್ದರು. ಇಂದೂ ನೋಡಬೇಕಾದ ಲಕ್ಷಣಗಳು ಅವೇ: ಹಿಂಬದಿಯಲ್ಲಿ ಹೊಸದಾಗಿ ಕಾಣಿಸಿದ ಜೌಗು, ಕದಡಿ ಬರುವ ಜಿನುಗು, ಏರಿಯ ಮೇಲೆ ಉದ್ದಕ್ಕೆ ಸೀಳಿದ ಬಿರುಕು, ಒಂದೆಡೆ ಕುಸಿದ ನೆತ್ತಿ, ವಾಲಿದ ಮರ, ಹೆಗ್ಗಣದ ಬಿಲ, ಕೋಡಿಗೆ ಅಡ್ಡ ಹಾಕಿದ ಮಣ್ಣು ಅಥವಾ ಬಲೆ. ಇವುಗಳಲ್ಲಿ ಯಾವುದನ್ನು ಕಂಡರೂ ಹಿರಿಯರಿಗೆ, ಪಂಚಾಯಿತಿಗೆ, ನೀರಾವರಿ ಎಂಜಿನಿಯರಿಗೆ ಕೂಡಲೇ ತಿಳಿಸಬೇಕು. ಮಳೆಗಾಲದಲ್ಲಿ ತುಂಬಿದ ಕೆರೆಯ ಏರಿಯ ಮೇಲೆ ಮಕ್ಕಳು ತಾವೇ ಪರೀಕ್ಷೆಗೆ ಇಳಿಯಬಾರದು.

ವಿದ್ಯಾರ್ಥಿಗಳು ಈ ಪಾಠವನ್ನು ಅಂಗಳದಲ್ಲೇ ಮಾಡಿ ನೋಡಬಹುದು. ದೊಡ್ಡ ತಟ್ಟೆಯಲ್ಲಿ ಒದ್ದೆ ಮರಳು, ಮಣ್ಣು ಬೆರೆಸಿ ಒಂದು ಗೇಣು ಎತ್ತರದ ಏರಿ ಕಟ್ಟಿ, ಹಿಂದೆ ನಿಧಾನವಾಗಿ ನೀರು ತುಂಬಬೇಕು. ನೀರು ನೆತ್ತಿ ದಾಟಿದ ಮೇಲೆ ಕೊರಕಲು ಏರಿಯನ್ನು ಸೀಳಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ಹಿಡಿದು ನೋಡಿದರೆ ಕೋಡಿಯ ಬೆಲೆ ತಿಳಿಯುತ್ತದೆ. ಮತ್ತೊಮ್ಮೆ ಕಟ್ಟುವಾಗ ಒಂದು ಪಕ್ಕದಲ್ಲಿ ಕಲ್ಲು ಹಾಸಿದ ಸಣ್ಣ ಕೋಡಿ ಬಿಟ್ಟು ಹೋಲಿಸಬೇಕು.

ನಿವೇಶನವನ್ನೋ ಬಾಡಿಗೆ ಮನೆಯನ್ನೋ ನೋಡಲು ಹೋದಾಗ ಪೋಷಕರು ನೀರು, ಬಸ್ಸು, ಶಾಲೆಗಳ ಬಗ್ಗೆ ವಿಚಾರಿಸುತ್ತಾರೆ. ಮೇಲೆ ಕೆರೆ ಇದೆಯೇ, ಇದ್ದರೆ ಅದರ ಕೋಡಿ ನೀರು ಯಾವ ಕಡೆ ಹರಿಯುತ್ತದೆ, ಏರಿಯನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳನ್ನೂ ಆ ಸಾಲಿಗೆ ಸೇರಿಸಿಕೊಳ್ಳುವುದು ಒಳ್ಳೆಯದು.